ನಾಲ್ಕು ಹಬ್ಬ, ಐದು ಕೈಕೆಲಸ: ಮಕ್ಕಳ ಜೊತೆ ಮನೆಯಲ್ಲೇ ಮಾಡುವ ಧ್ವಜ, ತೋರಣ, ಜೋಳದ ಬಂಡಿ

ಆಗಸ್ಟ್ ಹತ್ತು ದಾಟಿತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. “ಅಕ್ಕಾ, ನಾಳಿಗಿ ಸಾಲ್ಯಾಗ ಏನರ ಮಾಡ್ಕೊಂಡ್ ಬರ್ರಿ ಅಂದಾರ, ಏನ್ ಮಾಡ್ಸಲಿ?” ಕೇಳುವ ಹೊತ್ತು ರಾತ್ರಿ ಎಂಟೂವರೆ. ಅಂಗಡಿ ಮುಚ್ಚಿರುತ್ತದೆ, ಕೇಸರಿ ಕ್ರಯಾನ್ ಮುರಿದಿರುತ್ತದೆ, ಮಗು ಅರ್ಧ ನಿದ್ದೆಯಲ್ಲಿರುತ್ತದೆ. ಇದೇ ಪ್ರಶ್ನೆ ಸೆಪ್ಟೆಂಬರ್ 15ಕ್ಕೆ ಮತ್ತೆ, ಅಕ್ಟೋಬರ್ ಕೊನೆಗೆ ಮತ್ತೆ, ಜನವರಿಯಲ್ಲಿ ಮತ್ತೊಮ್ಮೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ವಾಸಿ ಅನ್ನಿಸಿತು.

ಬೇರೆ ಊರಿನವರಿಗೆ ಬಾವುಟದ ಹಬ್ಬ ಮೂರು: ಆಗಸ್ಟ್ 15, ನವೆಂಬರ್ 1, ಜನವರಿ 26. ಕಲಬುರಗಿ, ಬೀದರ್, ಯಾದಗಿರಿಯವರಾದ ನಮಗೆ ನಾಲ್ಕು. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಾವಿನ್ನೂ ಹೈದರಾಬಾದ್ ನಿಜಾಮರ ಕೈಕೆಳಗಿದ್ದೆವು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಕಾರ್ಯಾಚರಣೆ ಆರಂಭಿಸಿ, 17ರಂದು ನಿಜಾಮರು ಶರಣಾದ ಮೇಲೆಯೇ ಇಲ್ಲಿ ತ್ರಿವರ್ಣ ಹಾರಿದ್ದು. ಹದಿಮೂರು ತಿಂಗಳು ತಡ. ಹಾಗಾಗಿ ಕಲಬುರಗಿಯಲ್ಲಿ ಸೆಪ್ಟೆಂಬರ್ 17ಕ್ಕೂ ಧ್ವಜಾರೋಹಣ, ಸರ್ದಾರ್ ಪಟೇಲರ ಪ್ರತಿಮೆಗೆ ಮಾಲೆ. ಹಿಂದೆ ವಿಮೋಚನಾ ದಿನ ಅನ್ನುತ್ತಿದ್ದರು, 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ ದಿನ. ಕೆಳಗಿನ ಕೈಕೆಲಸಗಳನ್ನು ಈ ನಾಲ್ಕು ದಿನಗಳಿಗೆ ಹೊಂದಿಸಿ ಬರೆದಿದ್ದೇನೆ. ಬೇಕಾದ್ದನ್ನು ಮಾತ್ರ ಓದಿ ಮಾಡಬಹುದು. ಆದರೆ ಮೊದಲ ಎರಡು ಭಾಗ ಬಿಡಬೇಡಿ.

ಮೊದಲು ಒಂದು ಮಾತು: ಮೂರು ಬಣ್ಣ ಬೇರೆ, ಧ್ವಜ ಬೇರೆ

ಹೆಚ್ಚಿನವರು ಎಡವುವುದು ಇಲ್ಲೇ. ಕೇಸರಿ, ಬಿಳಿ, ಹಸಿರು ಬಳಸಿ ನೀವು ಹೂವು, ಸರಪಳಿ, ಗಿರಗಿಟ್ಲೆ ಏನು ಬೇಕಾದರೂ ಮಾಡಿ, ತಕರಾರಿಲ್ಲ. ಆದರೆ ಮೂರು ಪಟ್ಟಿ ಕೂಡಿಸಿ ನಡುವೆ ಅಶೋಕ ಚಕ್ರ ಬರೆದ ಕೂಡಲೇ ಅದು ರಾಷ್ಟ್ರಧ್ವಜ. ಕಾಗದದ್ದಾದರೂ ಧ್ವಜವೇ. ಆಗ ಧ್ವಜ ಸಂಹಿತೆ ಅನ್ವಯಿಸುತ್ತದೆ. ಧ್ವಜ ಸಂಹಿತೆ ಅಂದರೆ ಬಾವುಟವನ್ನು ಹೇಗೆ ಹಾರಿಸಬೇಕು, ಹೇಗೆ ಇಡಬೇಕು, ಏನು ಮಾಡಬಾರದು ಅನ್ನುವ ನಿಯಮಗಳ ಕಟ್ಟು. ಈಗಿನದು 2002ರ ಜನವರಿ 26ರಿಂದ ಜಾರಿಯಲ್ಲಿದೆ. ನಮಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ:

ಧ್ವಜವನ್ನು ತೋರಣ, ಗೊಂಡೆ, ಅಲಂಕಾರದ ಸಾಮಾನಾಗಿ ಬಳಸುವಂತಿಲ್ಲ. ಅಂದರೆ ಚಕ್ರವಿರುವ ನೂರು ಪುಟ್ಟ ಬಾವುಟ ಅಂಟಿಸಿ ದಾರಕ್ಕೆ ಪೋಣಿಸಿ ಓಣಿಯುದ್ದ ಕಟ್ಟುವುದು ಸರಿಯಲ್ಲ. ಅದರ ಮೇಲೆ ಅಕ್ಷರ ಬರೆಯುವಂತಿಲ್ಲ. ಮಗುವಿನ ಹೆಸರೂ ಬೇಡ, “ಜೈ ಹಿಂದ್” ಕೂಡ ಬೇಡ. ನೆಲಕ್ಕೆ ತಾಗಬಾರದು. ಪ್ಲಾಸ್ಟಿಕ್‌ನದ್ದು ಬೇಡವೇ ಬೇಡ. “ಈಗ ಪಾಲಿಯೆಸ್ಟರ್ ನಡೀತದಲ್ಲ?” ಎಂದು ಕೇಳುತ್ತಾರೆ. ಹೌದು, 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅನುಮತಿ ಸಿಕ್ಕಿದೆ. ಪಾಲಿಯೆಸ್ಟರ್ ಬಟ್ಟೆ ಬೇರೆ, ಸಿಗ್ನಲ್‌ನಲ್ಲಿ ಮಾರುವ ಪ್ಲಾಸ್ಟಿಕ್ ಹಾಳೆ ಬೇರೆ. ಎರಡನ್ನೂ ಒಂದು ಮಾಡಬೇಡಿ.

ಕಾಗದದ ಧ್ವಜವನ್ನು ರಾಷ್ಟ್ರೀಯ ಹಬ್ಬದ ದಿನ ಕೈಯಲ್ಲಿ ಹಿಡಿದು ಬೀಸಲು ಅಡ್ಡಿಯಿಲ್ಲ. ಆಮೇಲೆ ಬೀದಿಯಲ್ಲಿ ಬಿಸಾಡಬಾರದು, ಅಷ್ಟೇ. ಆ ವಿಚಾರಕ್ಕೆ ಕೊನೆಗೆ ಬರುತ್ತೇನೆ.

ಅಂಟು ಮತ್ತು ಕಾಗದ

ಮೈದಾ ಅಂಟು ಎಲ್ಲಕ್ಕಿಂತ ಅಗ್ಗ, ಮಗು ಬಾಯಿಗೆ ಹಾಕಿಕೊಂಡರೂ ಗಾಬರಿಯಿಲ್ಲ. ಎರಡು ದೊಡ್ಡ ಚಮಚ ಮೈದಾವನ್ನು ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಮುಕ್ಕಾಲು ಲೋಟ ನೀರನ್ನು ಕಾಯಿಸಿ, ಕಲಸಿದ್ದನ್ನು ಅದಕ್ಕೆ ಸುರಿದು ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಬೆಳ್ಳಗಿದ್ದದ್ದು ಸ್ವಲ್ಪ ಪಾರದರ್ಶಕವಾಗಿ, ಚಮಚದ ಬೆನ್ನಿಗೆ ಅಂಟಿಕೊಂಡಾಗ ಇಳಿಸಿ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ. ಹಾಗಾಗಿ ಒಲೆಯ ಮೇಲೆ ತುಸು ನೀರಾಗಿದೆ ಅನ್ನಿಸಿದಾಗಲೇ ಇಳಿಸುವುದು ಸರಿ. ಪುಸ್ತಕ ಕಟ್ಟುವವರು ಹುಳ ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತು ಹಾಕುತ್ತಾರೆ. ಅದು ವಿಷ, ಮಕ್ಕಳಿರುವ ಮನೆಗೆ ತರಬೇಡಿ. ಅಂದು ಮಾಡಿದ್ದನ್ನು ಅಂದೇ ಮುಗಿಸಿ, ಹೆಚ್ಚೆಂದರೆ ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಬಳಸಿ.

ನಮ್ಮಲ್ಲಿ ಏಪ್ರಿಲ್‌ನಲ್ಲಿ ಅಂಟು ಹಚ್ಚುವುದರೊಳಗೆ ಒಣಗುತ್ತದೆ, ಆಗಸ್ಟ್‌ನಲ್ಲಿ ಒಣಗುವುದೇ ಇಲ್ಲ. ಮಳೆಗಾಲದ ಕೆಲಸವನ್ನು ಹಿಂದಿನ ರಾತ್ರಿ ಬಿಟ್ಟುಕೊಳ್ಳದೆ ಎರಡು ದಿನ ಮುಂಚೆ ಮಾಡಿ. ಅಂಟಿಸಿದ್ದನ್ನು ಹಳೇ ಪತ್ರಿಕೆಯ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿದರೆ ಸುಕ್ಕಾಗುವುದಿಲ್ಲ.

ಕಾಗದದ ವಿಚಾರದಲ್ಲಿ ಒಂದೇ ಎಚ್ಚರ: ಕ್ರೇಪ್ ಪೇಪರ್, ಅಂದರೆ ಸುಕ್ಕುಸುಕ್ಕಾಗಿ ಎಳೆದರೆ ಹಿಗ್ಗುವ ಬಣ್ಣದ ಕಾಗದ, ಆಗಸ್ಟ್ 15ಕ್ಕೆ ಬೇಡ. ಒಂದು ಹನಿ ಮಳೆ ಬಿದ್ದರೆ ಬಣ್ಣ ಬಿಡುತ್ತದೆ. ಅಂದು ಮಕ್ಕಳೆಲ್ಲ ಬಿಳಿ ಯೂನಿಫಾರ್ಮ್‌ನಲ್ಲಿರುತ್ತಾರೆ. ಹಸಿರು ಕಲೆ ಹೋಗಲು ನಾಲ್ಕು ಒಗೆತ ಬೇಕು. ಮಾಮೂಲಿ ಡ್ರಾಯಿಂಗ್ ಶೀಟ್, ಬಣ್ಣದ ಚಾರ್ಟ್, ಹಳೇ ಕ್ಯಾಲೆಂಡರ್, ಇಷ್ಟು ಸಾಕು. ಸೂಪರ್ ಮಾರ್ಕೆಟ್ ಕಡೆ ಹೋದರೆ ಎಲ್ಲವೂ ಸಿಗುತ್ತದೆ. ಆದರೆ ಹಬ್ಬದ ಹಿಂದಿನ ಸಂಜೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

1. ಕೈಯಲ್ಲಿ ಹಿಡಿಯುವ ಧ್ವಜ (ಆರು ವರ್ಷ ಮೇಲ್ಪಟ್ಟವರಿಗೆ, ಆಗಸ್ಟ್ 15 ಅಥವಾ ಜನವರಿ 26)

ಇದೇನು ಮಹಾ ಅನ್ನಿಸಬಹುದು. ಅಳತೆ ಸರಿಯಿರುವ ಧ್ವಜ ಮಾಡುವ ಮಕ್ಕಳು ನೂರಕ್ಕೆ ಹತ್ತಿಲ್ಲ ಅಂತ ನನ್ನ ಕಣ್ಣಂದಾಜು. ಚೌಕ ಮಾಡಿರುತ್ತಾರೆ, ಚಕ್ರಕ್ಕೆ ಹದಿನಾರು ಗೆರೆ ಎಳೆದಿರುತ್ತಾರೆ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬೇಕಾದದ್ದು: ಎ-ಫೋರ್ ಅಳತೆಯ ದಪ್ಪ ಬಿಳಿ ಹಾಳೆ ಎರಡು, ಸ್ಕೇಲ್, ಪೆನ್ಸಿಲ್, ಕೈವಾರ, ಕಿತ್ತಳೆ ಮತ್ತು ಹಸಿರು ಕ್ರಯಾನ್, ನೀಲಿ ಬಾಲ್‌ಪೆನ್, ಒಂದು ಹಳೇ ಕ್ಯಾಲೆಂಡರ್ ಹಾಳೆ, ಒಂದು ಪತ್ರಿಕೆಯ ಪುಟ, ಅಂಟು.

ಹಂತ 1. ಹಾಳೆಯ ಮೇಲೆ 22.5 ಸೆಂ.ಮೀ. ಉದ್ದ, 15 ಸೆಂ.ಮೀ. ಎತ್ತರದ ಆಯತ ಎಳೆಯಿರಿ. ಧ್ವಜದ ಉದ್ದ ಮತ್ತು ಎತ್ತರ ಯಾವಾಗಲೂ 3:2 ಇರಬೇಕು. ಸಂಹಿತೆಯಲ್ಲಿ ಹೇಳಿರುವ ಒಂಬತ್ತು ಅಳತೆಗಳಲ್ಲಿ ಇದೂ ಒಂದು, ಮೋಟಾರು ಕಾರಿಗೆ ಹಾಕುವಂಥದ್ದು. ನಮಗೆ ಇದು ಅನುಕೂಲವಾಗುವುದು ಬೇರೆ ಕಾರಣಕ್ಕೆ: ಒಂದೊಂದು ಪಟ್ಟಿ ಸರಿಯಾಗಿ 5 ಸೆಂ.ಮೀ. ಬರುತ್ತದೆ, ಭಿನ್ನರಾಶಿಯ ತಲೆನೋವಿಲ್ಲ.

ಹಂತ 2. ಮೇಲಿನಿಂದ 5 ಮತ್ತು 10 ಸೆಂ.ಮೀ.ಗೆ ಅಡ್ಡಗೆರೆ ಹಾಕಿ. ಮೇಲೆ ಕೇಸರಿ, ಕೆಳಗೆ ಹಸಿರು. ನಡುವಿನ ಪಟ್ಟಿಯ ಮೇಲೆ 5 ಸೆಂ.ಮೀ. ಅಗಲದ ಬೇರೆ ಕಾಗದ ಇಟ್ಟು ಒತ್ತಿ ಹಿಡಿದುಕೊಂಡರೆ ಬಣ್ಣ ಬಿಳಿಯೊಳಗೆ ನುಗ್ಗುವುದಿಲ್ಲ. ಕಿತ್ತಳೆ ಮುಗಿದಿದೆಯೆಂದು ಕೆಂಪು ಹಚ್ಚುವುದು ಬೇಡ. ಹಳದಿ ತೆಳ್ಳಗೆ ಹಚ್ಚಿ ಅದರ ಮೇಲೆ ಕೆಂಪನ್ನು ಹಗುರವಾಗಿ ಆಡಿಸಿದರೆ ಕೇಸರಿಗೆ ಹತ್ತಿರದ ಬಣ್ಣ ಬರುತ್ತದೆ.

ಹಂತ 3. ಇನ್ನು ಚಕ್ರ. ಇದಕ್ಕೆ ಅವಸರ ಬೇಡ. ಅಶೋಕ ಚಕ್ರಕ್ಕೆ 24 ಅರ. ಅರ ಅಂದರೆ ನಡುವಿನ ಗುಂಬದಿಂದ ಹೊರಗಿನ ಬಳೆಯವರೆಗೆ ಹೋಗುವ ಕಡ್ಡಿ. ಕೋನಮಾಪಕ ಇದ್ದವರು ಪ್ರತಿ 15 ಡಿಗ್ರಿಗೆ ಒಂದು ಗೆರೆ ಎಳೆದರೆ ಆಯಿತು. ಇಲ್ಲದವರು, ಅಥವಾ ಡಿಗ್ರಿ ಇನ್ನೂ ಕಲಿಯದ ಮಕ್ಕಳು, ಹೀಗೆ ಮಾಡಿ: ಪತ್ರಿಕೆಯ ಮೇಲೆ ಊಟದ ತಟ್ಟೆ ಬೋರಲು ಹಾಕಿ ಸುತ್ತ ಗೆರೆ ಎಳೆದು ವೃತ್ತ ಕತ್ತರಿಸಿ. ಅರ್ಧಕ್ಕೆ ಮಡಚಿ. ಮತ್ತೆ ಅರ್ಧಕ್ಕೆ ಮಡಚಿ. ಈಗ ಕಾಲು ರೊಟ್ಟಿಯಂತಾಯಿತು. ಆ ಕಾಲನ್ನು ಮೂರು ಸಮಪಾಲು ಬರುವಂತೆ ಮಡಚಿ ಉಗುರಿನಿಂದ ಒತ್ತಿ. ಬಿಡಿಸಿದರೆ ನಡುವಿನಿಂದ ಹೊರಟ 12 ಮಡಿಕೆ ಗೆರೆ ಕಾಣುತ್ತವೆ. ಗೋಡೆ ಗಡಿಯಾರದ ಹನ್ನೆರಡು ಅಂಕಿ ಇದ್ದ ಹಾಗೆ. ಎರಡು ಅಂಕಿಯ ನಟ್ಟನಡುವೆ, ಅಂದರೆ ಅರ್ಧ ಗಂಟೆಯ ಜಾಗದಲ್ಲಿ, ಒಂದೊಂದು ಗೆರೆ ಎಳೆದರೆ 24 ಆಯಿತು. ಎಂಟು ವರ್ಷದ ಮಗು “ಒಂದೂವರಿ, ಎರಡೂವರಿ” ಎನ್ನುತ್ತಾ ಇದನ್ನು ತಾನೇ ಮುಗಿಸುತ್ತದೆ.

ಈಗ ಬಿಳಿ ಕಾಗದದಲ್ಲಿ 4 ಸೆಂ.ಮೀ. ವ್ಯಾಸದ (ಕೈವಾರ 2 ಸೆಂ.ಮೀ. ತೆರೆದು) ಪುಟ್ಟ ವೃತ್ತ ಬರೆದು ಕತ್ತರಿಸಿ. ಪತ್ರಿಕೆಯ ವೃತ್ತದ ಕೇಂದ್ರಕ್ಕೆ ಇದರ ಕೇಂದ್ರ ಕೂರುವಂತೆ ಇಡಿ. ಹೊರಗೆ ಕಾಣುವ ಗೆರೆಗೆ ಸ್ಕೇಲ್ ಹೊಂದಿಸಿ ನೀಲಿ ಪೆನ್ನಿನಿಂದ ಒಳಗೆ ಎಳೆಯಿರಿ. ಎದುರುಬದುರಿನ ಗೆರೆಗಳನ್ನು ಒಂದೇ ಎಳೆತಕ್ಕೆ ಎಳೆದರೆ ಹನ್ನೆರಡು ಸಲದಲ್ಲಿ 24 ಅರವೂ ಮುಗಿಯುತ್ತವೆ. ಪೆನ್ನಿನ ಶಾಯಿ ಸ್ಕೇಲಿಗೆ ಅಂಟಿ ಮುಂದಿನ ಗೆರೆ ಮಸಿಯಾಗುತ್ತದೆ, ಪ್ರತಿ ಸಲ ಬಟ್ಟೆಯಿಂದ ಒರೆಸಿ. ಬಣ್ಣ ಕಡುನೀಲಿಯೇ ಇರಲಿ, ಕಪ್ಪು ಬೇಡ, ಆಕಾಶನೀಲಿಯೂ ಬೇಡ.

ಹಂತ 4. ಬಿಳಿ ಪಟ್ಟಿಯ ಮೂಲೆಯಿಂದ ಮೂಲೆಗೆ ತೆಳುವಾಗಿ ಪೆನ್ಸಿಲ್ ಗೆರೆ ಎಳೆದರೆ ಅವು ಕೂಡುವ ಬಿಂದುವೇ ನಡುಭಾಗ. ಅಲ್ಲಿ ಚಕ್ರ ಅಂಟಿಸಿ, ಪೆನ್ಸಿಲ್ ಗೆರೆ ಅಳಿಸಿ.

ಹಂತ 5. ಇನ್ನೊಂದು ಹಾಳೆಯಲ್ಲೂ ಇದನ್ನೇ ಮಾಡಿ. ಹೌದು, ಎರಡೂ ಬದಿಗೆ ಚಕ್ರ ಕಾಣಬೇಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಾಗುತ್ತದಲ್ಲ, ಅಲ್ಲಿ ಬಟ್ಟೆಯ ಎರಡೂ ಬದಿಗೆ ಚಕ್ರ ಅಚ್ಚು ಹಾಕುತ್ತಾರೆ. ನಾವು ಒಂದೇ ಬದಿಗೆ ಬರೆದು ಸುಮ್ಮನಾಗುತ್ತೇವೆ, ಮಗು ಬೀಸುವಾಗ ಹಿಂದಿನಿಂದ ಬರಿ ಬಿಳಿ ಹಾಳೆ ಕಾಣುತ್ತದೆ.

ಹಂತ 6. ಕೋಲಿಗೆ ಕ್ಯಾಲೆಂಡರ್ ಹಾಳೆಯನ್ನು ಒಂದು ಮೂಲೆಯಿಂದ ಬಿಗಿಯಾಗಿ ಸುತ್ತಿ, ಕೊನೆಯ ಮೂಲೆಗೆ ಅಂಟು ಹಚ್ಚಿ. ಎರಡೂ ತುದಿ ಕತ್ತರಿಸಿ ಸಮ ಮಾಡಿ, 35 ಸೆಂ.ಮೀ. ಉಳಿದರೆ ಸಾಕು. ಬಿದಿರು ಕಡ್ಡಿ ಬೇಡ, ಸಾಲಿನಲ್ಲಿ ನಿಂತ ಮಕ್ಕಳ ಕಣ್ಣಿಗೆ ಅಪಾಯ. ಕಸಬರಿಗಿ ಕಡ್ಡಿಗೆ ಧ್ವಜ ಕಟ್ಟುವುದನ್ನು ನಮ್ಮ ಹಿರಿಯರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಹಂತ 7. ಒಂದು ಹಾಳೆಯ ಹಿಂಬದಿಗೆ ಅಂಟು ಸವರಿ, ಅಂಚಿಗೆ ಕೋಲು ಇಟ್ಟು, ಇನ್ನೊಂದು ಹಾಳೆಯನ್ನು ಕೇಸರಿಗೆ ಕೇಸರಿ ಕೂಡುವಂತೆ ಬೆನ್ನಿಗೆ ಬೆನ್ನು ಅಂಟಿಸಿ. ಇಲ್ಲಿ ಒಂದು ಹಾಳೆ ತಲೆಕೆಳಗಾಗಿ ಅಂಟಿದರೆ ಬಿಡಿಸಲು ಬರುವುದಿಲ್ಲ. ಅಂಟು ಹಚ್ಚುವ ಮೊದಲೇ ಎರಡೂ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಮೇಲ್ತುದಿಗೆ ಬಾಣದ ಗುರುತು ಹಾಕಿಕೊಳ್ಳಿ. ಮಗುವಿನ ಹೆಸರು ಬರೆಯಲೇಬೇಕೆಂದಿದ್ದರೆ ಕೋಲಿನ ಕೆಳತುದಿಗೆ ಬರೆಯಿರಿ.

ಇದೇ ಧ್ವಜವನ್ನು ಗೋಡೆಗೆ ಉದ್ದುದ್ದವಾಗಿ ತೂಗುಹಾಕುವುದಾದರೆ ಎದುರು ನಿಂತು ನೋಡುವವರ ಎಡಗಡೆಗೆ ಕೇಸರಿ ಬರಬೇಕು.

2. ಒಂದೊಂದೇ ಬಣ್ಣದ ಸರಪಳಿ (ಮೂರರಿಂದ ಆರು ವರ್ಷದವರಿಗೆ)

ಕೇಸರಿ, ಬಿಳಿ, ಹಸಿರು ಚಾರ್ಟ್‌ನಿಂದ 15 ಸೆಂ.ಮೀ. ಉದ್ದ, ಎರಡೂವರೆ ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಕೊಡಿ. ಒಂದನ್ನು ಬಳೆಯಂತೆ ಸುತ್ತಿ ಅಂಟಿಸುವುದು, ಮುಂದಿನದನ್ನು ಅದರೊಳಗೆ ತೂರಿಸಿ ಅಂಟಿಸುವುದು. ಪ್ರತಿ ಬಳೆಗೂ ಒಂದೇ ಬಣ್ಣ, ಚಕ್ರ ಇಲ್ಲ, ಹಾಗಾಗಿ ಬಾಗಿಲಿಗೆ ಕಟ್ಟಲು ಯಾವ ಅಡ್ಡಿಯೂ ಇಲ್ಲ. ಅಂಟಿಸಿದ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ಒಂದರಿಂದ ಹತ್ತು ಎಣಿಸಲು ಹೇಳಿ. ಇಲ್ಲದಿದ್ದರೆ ಅವಸರಕ್ಕೆ ಬಿಟ್ಟುಬಿಡುತ್ತಾರೆ, ಸರಪಳಿ ನಡುವೆ ಬಿಚ್ಚಿಕೊಳ್ಳುತ್ತದೆ. ಸ್ಟೇಪ್ಲರ್ ಬೇಡ, ಪಿನ್ನು ಉದುರಿ ಬರಿಗಾಲಿಗೆ ಚುಚ್ಚುತ್ತದೆ. ಇಪ್ಪತ್ತು ನಿಮಿಷದ ಕೆಲಸ. ರಾತ್ರಿ ಎಂಟೂವರೆಗೆ ಫೋನ್ ಮಾಡುವವರಿಗೆ ನಾನು ಇದನ್ನೇ ಹೇಳುವುದು.

ಇದರ ಬದಲು ಕೆಲವರು ಧಾನ್ಯದ ಚಿತ್ರ ಮಾಡಿಸುತ್ತಾರೆ: ಮಸೂರ್ ಬೇಳೆ ಕೇಸರಿಗೆ, ಅಕ್ಕಿ ಬಿಳಿಗೆ, ಹೆಸರುಕಾಳು ಹಸಿರಿಗೆ. ನೋಡಲು ಚೆಂದವೇ. ತೊಗರಿ ಬೆಳೆಯುವ ಊರಲ್ಲಿ ಕೂತು ಬೇಳೆಯನ್ನು ಅಂಟಿನಲ್ಲಿ ಕಲಸಿ ಕೊನೆಗೆ ತಿಪ್ಪೆಗೆ ಹಾಕುವುದು ನನಗೆ ಹಿಡಿಸುವುದಿಲ್ಲ. ಮಾಡಲೇಬೇಕಾದರೆ ಡಬ್ಬಿಯ ತಳದಲ್ಲಿ ಹುಳ ಹಿಡಿದದ್ದನ್ನು ಬಳಸಿ.

3. ಜೋಳದ ದಂಟಿನ ಬಂಡಿ (ಸೆಪ್ಟೆಂಬರ್ 17)

ಸೆಪ್ಟೆಂಬರ್ 17ಕ್ಕೆ ಏನು ಮಾಡಿಸುವುದು ಎಂಬುದೇ ದೊಡ್ಡ ಪ್ರಶ್ನೆ, ಯಾಕೆಂದರೆ ಅಂಗಡಿಯಲ್ಲಿ ಈ ದಿನಕ್ಕೆ ರೆಡಿಮೇಡ್ ಸಾಮಾನು ಏನೂ ಇರುವುದಿಲ್ಲ. ಒಳ್ಳೆಯದೇ ಆಯಿತು. ನಮ್ಮ ನೆಲದ ದಿನಕ್ಕೆ ನಮ್ಮ ನೆಲದ ಸಾಮಾನು. ಕಣಕಿಯಿಂದ ಬಂಡಿ ಮಾಡುವುದನ್ನು ನಿಮ್ಮ ಮನೆಯ ಅಜ್ಜನಿಗೋ ಮುತ್ಯಾಗೋ ಕೇಳಿ ನೋಡಿ. ಕೈ ಮರೆತಿರುವುದಿಲ್ಲ. ಅಂಟು ಒಂದು ಹನಿಯೂ ಬೇಡ.

ಮೂರು ಶಬ್ದ ತಿಳಿದರೆ ಸಾಕು. ಕಣಕಿ ಅಂದರೆ ತೆನೆ ಕೊಯ್ದ ಮೇಲೆ ಒಣಗಿದ ಜೋಳದ ದಂಟು. ಅದರ ಹೊರಗಿನ ನುಣುಪು ಸಿಪ್ಪೆಯನ್ನು ಉದ್ದಕ್ಕೆ ಸೀಳಿದರೆ ಬರುವುದು ಸಿಬರು. ಒಳಗಿನ ಬೆಳ್ಳಗಿನ ಹಗುರ ತಿರುಳು ಬೆಂಡು. ಬೆಂಡಿಗೆ ಸಿಬರು ಚುಚ್ಚುತ್ತಾ ಹೋಗುವುದೇ ಇಡೀ ವಿದ್ಯೆ.

ಹಂತ 1. ಹೆಬ್ಬೆರಳು ದಪ್ಪದ ನಾಲ್ಕೈದು ದಂಟು ಆರಿಸಿ. ಸೆಪ್ಟೆಂಬರ್‌ನಲ್ಲಿ ಹೊಲದ ಜೋಳ ಇನ್ನೂ ಹಸಿ, ಅದು ಆಗದು. ಹಿಂಗಾರಿಯ ಹಳೇ ಬಣವೆಯದ್ದು ಬೇಕು. ಪೇಟೆಯಲ್ಲಿರುವವರು ಎಮ್ಮೆ ಕಟ್ಟಿರುವ ಮನೆಯಲ್ಲಿ ಕೇಳಿ. ಮಳೆಗೆ ನೆನೆದು ಕಪ್ಪಾಗಿದ್ದರೆ ಬಿಡಿ, ಬೂಸಲು ಹಿಡಿದಿರುತ್ತದೆ.

ಹಂತ 2. ಗೆಣ್ಣು ಬಿಟ್ಟು, ಅಂದರೆ ಗಂಟಿನಂತಿರುವ ಭಾಗ ಬಿಟ್ಟು, ನಡುವಿನ ತುಂಡು ಕತ್ತರಿಸಿ. ಸಿಬರು ಸುಲಿಯುವುದು ದೊಡ್ಡವರ ಕೆಲಸ. ಇದನ್ನು ಎರಡು ಸಲ ಹೇಳುತ್ತೇನೆ: ಸಿಬರಿನ ಅಂಚು ಬ್ಲೇಡಿನಷ್ಟೇ ಹರಿತ, ಮಕ್ಕಳಿಗೆ ಸುಲಿಯಲು ಕೊಡಬೇಡಿ. ಸುಲಿದ ಮೇಲೆ ಅಂಚನ್ನು ಒರಟು ಬಟ್ಟೆಯಲ್ಲಿ ಹಿಡಿದು ಎರಡು ಸಲ ಎಳೆದರೆ ಮೊಂಡಾಗುತ್ತದೆ. ಆಮೇಲೆ ಕೊಡಿ.

ಹಂತ 3. ಗೇಣುದ್ದದ ಎರಡು ಬೆಂಡು ಸಮಾನಾಂತರವಾಗಿ ಇಟ್ಟು, ನಾಲ್ಕು ಬೆರಳುದ್ದದ ಸಿಬರಿನ ತುಂಡುಗಳನ್ನು ಏಣಿಯ ಮೆಟ್ಟಿಲಿನಂತೆ ಎರಡಕ್ಕೂ ಚುಚ್ಚಿ. ಬಂಡಿಯ ಮೈ ತಯಾರು. ಚುಚ್ಚುವಾಗ ಸಿಬರು ಬಾಗಿದರೆ ತುದಿಯನ್ನು ಓರೆಯಾಗಿ ಕತ್ತರಿಸಿ ಚೂಪು ಮಾಡಿ. ಒಮ್ಮೆ ಚುಚ್ಚಿದ ತೂತಿಗೆ ಮತ್ತೆ ಚುಚ್ಚಬೇಡಿ, ಸಡಿಲಾಗುತ್ತದೆ.

ಹಂತ 4. ಗಾಲಿ. ಸಣ್ಣವರಿಗೆ ರಟ್ಟಿನ ವೃತ್ತ ಸಾಕು. ಹತ್ತು ದಾಟಿದವರು ನಿಜವಾದ ಗಾಲಿ ಮಾಡಲಿ: ಒಂದು ಬೆರಳು ದಪ್ಪದ ಬೆಂಡಿನ ತುಂಡು ಗುಂಬ. ಅದರ ಸುತ್ತ ಆರು ಸಿಬರು ಚುಚ್ಚಿದರೆ ಅರ. ಪ್ರತಿ ಅರದ ತುದಿಗೂ ಕಡಲೆಕಾಳಿನಷ್ಟು ಬೆಂಡು ಸಿಕ್ಕಿಸಿ. ಒಂದು ಉದ್ದ ಸಿಬರನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ ಬಳೆಯಂತೆ ಬಾಗಿಸಿ, ಆ ಬೆಂಡಿನ ಕಾಳುಗಳ ಮೂಲಕ ಪೋಣಿಸಿದಂತೆ ಚುಚ್ಚುತ್ತಾ ಸುತ್ತು ಹಾಕಿ. ನೆನೆಸದೆ ಬಾಗಿಸಿದರೆ ಪಟ್ಟೆಂದು ಮುರಿಯುತ್ತದೆ. ಜಾಸ್ತಿ ನೆನೆಸಿದರೆ ಚುಚ್ಚಲು ಬರುವುದಿಲ್ಲ. ಮೊದಲ ಗಾಲಿ ಮೊಟ್ಟೆಯಾಕಾರ ಆಗುತ್ತದೆ. ನನ್ನದು ಈಗಲೂ ಆಗುತ್ತದೆ.

ಹಂತ 5. ಬಂಡಿಯ ಮೈ ಕೆಳಗೆ ಒಂದು ಅಡ್ಡ ಬೆಂಡು ಸಿಬರಿನಿಂದ ಕೂಡಿಸಿ, ಅದರ ಎರಡೂ ತುದಿಗೆ ಅಚ್ಚು ಚುಚ್ಚಿ ಗಾಲಿ ಹಾಕಿ. ಗಾಲಿ ಜಾರದಂತೆ ಹೊರಗೆ ಸಣ್ಣ ಬೆಂಡಿನ ಬಿರಡೆ. ಮುಂದೆ ಒಂದು ಉದ್ದ ದಂಟಿನ ಮೂಕಿ, ಅದರ ತುದಿಗೆ ಅಡ್ಡ ನೊಗ.

ಹಂತ 6. ಬಂಡಿಯ ಮೇಲೆ ರಟ್ಟಿನ ಫಲಕ ನಿಲ್ಲಿಸಿ “17 ಸೆಪ್ಟೆಂಬರ್ 1948” ಎಂದು ಬರೆಯಿಸಿ. ಅಕ್ಷರದ ಆಸೆಯೆಲ್ಲ ಇಲ್ಲಿ ತೀರಲಿ. ಬರೆಯುವಾಗ ಮಗು “ಆಗಸ್ಟ್ 15 ಅಲ್ಲೇನು?” ಎಂದು ಕೇಳಿಯೇ ಕೇಳುತ್ತದೆ. ಹೈದರಾಬಾದ್ ಸಂಸ್ಥಾನ, ಹೋರಾಟ ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರು, ಸೇನೆಯ ಐದು ದಿನ, ಇಷ್ಟನ್ನು ಹೇಳಲು ಗಾಲಿ ಕಟ್ಟುವಷ್ಟು ಹೊತ್ತು ಸಾಕು. ಯಾದಗಿರಿ ಕಡೆಯವರು ಇನ್ನೂ ಹಿಂದಕ್ಕೆ ಹೋಗಿ 1857-58ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕರ ಹೆಸರನ್ನೂ ಫಲಕಕ್ಕೆ ಸೇರಿಸಬಹುದು.

4. ಅರಿಶಿನ ಕೆಂಪಾಗುವ ಹಾಳೆ (ನವೆಂಬರ್ 1)

ರಾಜ್ಯೋತ್ಸವದ ಹಳದಿ-ಕೆಂಪು ಬಾವುಟವನ್ನು 1960ರ ದಶಕದಲ್ಲಿ ರೂಪಿಸಿದವರು ಮ. ರಾಮಮೂರ್ತಿ. ಹಳದಿ, ಕೆಂಪು ಅಂದರೆ ನಮಗೆ ಅರಿಶಿನ, ಕುಂಕುಮ. ಹಳೇ ಪದ್ಧತಿಯ ಕುಂಕುಮ ತಯಾರಾಗುತ್ತಿದ್ದದ್ದೂ ಅರಿಶಿನಕ್ಕೆ ಸುಣ್ಣ ಬೆರೆಸಿಯೇ. ಅದೇ ಗುಟ್ಟು ಇಲ್ಲಿದೆ, ಸುಣ್ಣ ಮಾತ್ರ ಬೇಡ, ಕಣ್ಣಿಗೆ ಸಿಡಿದರೆ ದೊಡ್ಡ ಅನಾಹುತ. ಅಡುಗೆ ಸೋಡಾ ಸಾಕು.

ಹಂತ 1. ಎರಡು ಚಮಚ ಅರಿಶಿನವನ್ನು ಅರ್ಧ ಲೋಟ ಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ನೆಲಕ್ಕೆ ಪತ್ರಿಕೆ ಹಾಸಿ, ಮಗುವಿಗೆ ಹಳೇ ಅಂಗಿ ತೊಡಿಸಿ.

ಹಂತ 2. ಡ್ರಾಯಿಂಗ್ ಶೀಟಿನ ನಟ್ಟನಡುವೆ ಅಡ್ಡಕ್ಕೆ ಮೇಣದಬತ್ತಿಯಿಂದ ಒತ್ತಿ ಗೆರೆ ಎಳೆಯಿರಿ. ಮೇಣ ನೀರನ್ನು ದಾಟಲು ಬಿಡುವುದಿಲ್ಲ. ಇದನ್ನು ಬಿಟ್ಟರೆ ಕೆಂಪು ಮೇಲಕ್ಕೆ ಹಬ್ಬಿ ಹಳದಿ ಅರ್ಧ ನುಂಗುತ್ತದೆ. ಆಮೇಲೆ ಇಡೀ ಹಾಳೆಗೆ ಅರಿಶಿನ ನೀರು ಬಳಿದು ಫ್ಯಾನಿನ ಕೆಳಗೆ ಒಣಗಿಸಿ. ಬಿಸಿಲಿಗೆ ಇಡಬೇಡಿ, ಅರಿಶಿನ ಬಿಸಿಲಿಗೆ ಮಾಸುತ್ತದೆ. ನುಣುಪು ಹಾಳೆಗೆ ಬಣ್ಣ ಹಿಡಿಯುವುದಿಲ್ಲ.

ಹಂತ 3. ಒಂದು ಚಮಚ ಸೋಡಾವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ, ಬೇರೆ ಬ್ರಷ್‌ನಿಂದ ಕೆಳಗಿನ ಅರ್ಧಕ್ಕೆ ಬಳಿಯಿರಿ. ಕಣ್ಣೆದುರೇ ಹಳದಿ ಕೆಂಪಾಗುತ್ತದೆ. ಮಕ್ಕಳು ಚೀರುತ್ತಾರೆ. ಬಣ್ಣ ಪೆಟ್ಟಿಗೆಯ ಕೆಂಪಲ್ಲ, ಇಟ್ಟಿಗೆ ಕೆಂಪು. ಒಣಗಿದ ಮೇಲೆ ಇನ್ನೊಂದು ಸಲ ಬಳಿದರೆ ತುಸು ಗಾಢವಾಗುತ್ತದೆ.

ಹಂತ 4. ಕೆಂಪು ಪೂರ್ತಿ ಒಣಗಿದ ಮೇಲೆ ಕಡ್ಡಿಯ ತುದಿಗೆ ಹತ್ತಿ ಸುತ್ತಿ ನಿಂಬೆರಸದಲ್ಲಿ ಅದ್ದಿ ಅದರ ಮೇಲೆ ಹೂವೋ ಬಳ್ಳಿಯೋ ಬರೆಯಲು ಹೇಳಿ. ಗೆರೆಗಳು ಮತ್ತೆ ಹಳದಿಯಾಗುತ್ತವೆ.

ಯಾಕೆ ಹೀಗೆ ಎಂದು ಮಗು ಕೇಳಿದರೆ: ಸೋಡಾ, ಸೋಪು, ಸುಣ್ಣ ಇವೆಲ್ಲ ಕ್ಷಾರ. ನಿಂಬೆ, ಹುಣಸೆ ಇವೆಲ್ಲ ಆಮ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಆಮ್ಲ ತಾಗಿದರೆ ಹಳದಿಗೆ ಮರಳುತ್ತದೆ. ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಅಂಗಿ ಕೆಂಪಾಗುವುದನ್ನು ಅವರು ನೋಡೇ ಇರುತ್ತಾರೆ.

5. ಕಾಗದದ ಬಿದ್ರಿ (ಜನವರಿ 26)

2023ರ ಗಣರಾಜ್ಯೋತ್ಸವದ ಹೊತ್ತಿಗೆ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಕಾದ್ರಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅಂದಿನಿಂದ ಜನವರಿಗೆ ನಾನು ಇದನ್ನೇ ಮಾಡಿಸುತ್ತೇನೆ. ಬಿದ್ರಿ ಅಂದರೆ ಬೀದರಿನ ಲೋಹದ ಕೈಕೆಲಸ: ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆ ಎರಕ ಹೊಯ್ದು, ಚಿತ್ತಾರ ಕೆತ್ತಿ, ಆ ಗೀರಿಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ನಮ್ಮ ಕಾಗದದ ಕೆಲಸವೂ ಅದೇ ಲೆಕ್ಕ: ಕಪ್ಪು ಮುಂದೆ, ಬೆಳ್ಳಿ ಹಿಂದೆ.

ಹಂತ 1. ಕಪ್ಪು ಚಾರ್ಟನ್ನು ಒಮ್ಮೆ ಅರ್ಧಕ್ಕೆ ಮಡಚಿ, ಮಡಿಕೆಯ ಅಂಚಿಗೆ ಅರ್ಧ ಹೂಜಿಯ ಆಕಾರ ಬರೆದು ಕತ್ತರಿಸಿ. ಬಿಡಿಸಿದರೆ ಪೂರ್ತಿ ಹೂಜಿ.

ಹಂತ 2. ಮತ್ತೆ ಮಡಚಿ, ಅಂಚಿನಲ್ಲಿ ಅರ್ಧ ಎಲೆ, ಅರ್ಧ ಹೂವಿನ ಕಿಂಡಿಗಳನ್ನು ಕತ್ತರಿಸಿ. ಕಿಂಡಿ ಕಿಂಡಿಯ ನಡುವೆ ಒಂದು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಹೂಜಿ ಹರಿದು ಎರಡಾಗುತ್ತದೆ.

ಹಂತ 3. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಚಮಚದ ಬೆನ್ನಿನಿಂದ ಉಜ್ಜಿ ಸುಕ್ಕು ತೆಗೆದು, ಹೊಳೆಯುವ ಮುಖ ಮುಂದಕ್ಕೆ ಬರುವಂತೆ ಹಿಂದಿನಿಂದ ಅಂಟಿಸಿ. ಮೈದಾ ಅಂಟು ಫಾಯಿಲ್‌ಗೆ ಹಿಡಿಯುವುದಿಲ್ಲ, ಇಲ್ಲಿ ಮಾತ್ರ ಫೆವಿಕಾಲ್ ತೆಳ್ಳಗೆ ಸವರಿ. ಅಂಟನ್ನು ಕಪ್ಪು ಕಾಗದಕ್ಕೆ ಹಚ್ಚಬೇಕು, ಫಾಯಿಲ್‌ಗೆ ಹಚ್ಚಿದರೆ ಕಿಂಡಿಯಲ್ಲಿ ಬಿಳಿ ಕಲೆ ಕಾಣುತ್ತದೆ.

ಇದಕ್ಕೆ ಮೂರು ಬಣ್ಣ ಸೇರಿಸಲು ಹೋಗಬೇಡಿ. ಬಿದ್ರಿಗೆ ಕಪ್ಪು-ಬೆಳ್ಳಿಯೇ ಚೆಂದ.

ಹಬ್ಬದ ಮಾರನೇ ದಿನ

ಸರಪಳಿ, ಬಿದ್ರಿ, ಅರಿಶಿನದ ಹಾಳೆ ನಿಮ್ಮಿಷ್ಟ: ಇಟ್ಟುಕೊಳ್ಳಬಹುದು, ಹಳೇ ಪೇಪರಿನವನಿಗೆ ಹಾಕಬಹುದು. ಧ್ವಜ ಹಾಗಲ್ಲ. ಶಾಲೆಯಿಂದ ಬಂದ ಕೂಡಲೇ ಮಗುವಿನ ಕೈಯಿಂದ ತೆಗೆದುಕೊಂಡು, ಚೆನ್ನಾಗಿದ್ದರೆ ದೊಡ್ಡ ಪುಸ್ತಕದೊಳಗೆ ಮಡಚದೆ ಇಡಿ, ಜನವರಿಗೆ ಬರುತ್ತದೆ. ಹರಿದಿದ್ದರೆ ಮನೆಯೊಳಗೆ, ನಾಲ್ಕು ಜನ ನೋಡದ ಜಾಗದಲ್ಲಿ, ಗೌರವದಿಂದ ಪೂರ್ತಿ ಸುಡಬಹುದು ಎಂದು ಸಂಹಿತೆಯೇ ಹೇಳುತ್ತದೆ. ಇದನ್ನು ದೊಡ್ಡವರು ಮಾಡಿ. ಬರುವ ದಾರಿಯಲ್ಲಿ ಬೇರೆಯವರು ಬೀಳಿಸಿದ ಧ್ವಜ ಕಂಡರೆ ಎತ್ತಿಕೊಂಡು ಬರಲು ಮಗುವಿಗೆ ಮೊದಲೇ ಹೇಳಿಡಿ, ಚೀಲದಲ್ಲಿ ಒಂದು ಖಾಲಿ ಲಕೋಟೆ ಹಾಕಿ ಕಳಿಸಿ.

ಜೋಳದ ಬಂಡಿಯನ್ನು ಮಾತ್ರ ರಾತ್ರಿ ಕಟ್ಟೆಯ ಮೇಲೆ ಬಿಡಬೇಡಿ. ಹೋದ ವರ್ಷ ನಮ್ಮ ಓಣಿಯ ಆಡು ಎರಡು ಗಾಲಿ ಮತ್ತು ನೊಗ ತಿಂದು, ಫಲಕ ಒಂದನ್ನು ಬಿಟ್ಟು ಹೋಗಿತ್ತು.